ಹುತ್ತದ ಬೆಳ್ಳಿ

ಚಿನ್ನಸ್ವಾಮಿ ಎಂದು ಹೆಸರಿಟ್ಟುಕೊಂಡವನು ಬೆಳ್ಳಿ ಹುಡುಕಿಕೊಂಡು ಬಂದರೆ ಊರಿನವರು ನಗದೆ ಬಿಡುತ್ತಾರೆಯೇ? ಅದೂ ಹುಟ್ಟಿದ ಊರಿಗೇ ಬಂದರೆ? ೧೯೭೦ರ ಸಂಕ್ರಾಂತಿ ಕಳೆದು, ಕಣದ ರಾಗಿಯೆಲ್ಲ ಮನೆ ಸೇರಿದ ಮೇಲೆ, ಸರ್ಕಾರದ ಗಣಿ ಇಲಾಖೆಯ ಜೀಪು ಅವನನ್ನೂ ಅವನ ಸುತ್ತಿಗೆಯನ್ನೂ ಒಂದು ಮೂಟೆ ಬಟ್ಟೆ ಚೀಲಗಳನ್ನೂ ಹುಣಸೆಕುಂಟೆಯ ಅರಳಿಕಟ್ಟೆಯ ಹತ್ತಿರ ಇಳಿಸಿ ಹೋಯಿತು. ನಂದಗುಡಿಯಿಂದ ಮೂರು ಮೈಲಿ ಒಳಗಿನ ಊರು. ಅಲ್ಲಿಂದ ಹೊಸಕೋಟೆಗೆ ಹೋಗಿ ಹೈಸ್ಕೂಲು ಓದಿ, ಬೆಂಗಳೂರಿನಲ್ಲಿ ಭೂವಿಜ್ಞಾನ ಕಲಿತು ಸರ್ಕಾರಿ ನೌಕರಿ ಹಿಡಿದ ಮೊದಲಿಗ ಅವನು. ಹಾಗೆಂದು ಊರಿನ ಬಾಯಿಗೆ ಬೀಗವೇನೂ ಬೀಳಲಿಲ್ಲ.

"ಅಲ್ಲ ಕಣ್ಲಾ, ಹೆಸರು ನೋಡಿಯಾದ್ರೂ ನಿನ್ನ ಕೋಲಾರದ ಕಡೀಕೆ ಹಾಕ್ಬಾರ್ದಿತ್ತಾ ಸರ್ಕಾರ್ದೋರು? ಇಲ್ಲೇನೈತೆ, ರಾಗಿ ಹುರುಳಿ ಬಿಟ್ರೆ?" ಎಂದು ದೊಡ್ಡಬೀರಪ್ಪ ಕಟ್ಟೆಯ ಮೇಲಿನಿಂದಲೇ ಕೂಗಿದ. ಊರ ಪಕ್ಕದ ಕೆಂಪುದಿಣ್ಣೆ ಈ ದೊಡ್ಡಬೀರಪ್ಪನದು. ಆ ದಿಣ್ಣೆಯ ಮೇಲೆ ಹುರುಳಿ ಬಿಟ್ಟು ಬೇರೇನೂ ಬೆಳೆಯದೆಂದು ಅವನು ಬೆಳಗಾದರೆ ಶಾಪ ಹಾಕುತ್ತಿದ್ದ.

"ನಿನ್ನ ದಿಣ್ಣೆ ಕೆಳಗೇ ಏನಾದ್ರೂ ಇರ್ಬೋದು ಮಾವ, ಯಾರ್ಗೊತ್ತು?" ಎಂದು ಚಿನ್ನಸ್ವಾಮಿ ನಗುತ್ತಾ ಮನೆಯ ಕಡೆ ನಡೆದ. ಬೆಂಗಳೂರಿನಲ್ಲಿ ಹೆಂಡತಿ ಮಕ್ಕಳಿದ್ದರೂ, ಸರ್ವೆ ಮುಗಿಯುವ ತನಕ ತಾಯಿ ಸೊಣ್ಣಮ್ಮನ ಕೈಯ ಮುದ್ದೆ ಸಿಗುತ್ತದಲ್ಲ ಎಂಬ ಖುಷಿ ಅವನಿಗೆ.

ಚಿನ್ನಸ್ವಾಮಿಯದು ತೃಪ್ತ ಜೀವ. ಬಿಸಿಲು, ಕಲ್ಲು, ಮುಳ್ಳು ಯಾವುದಕ್ಕೂ ಗೊಣಗಿದವನಲ್ಲ. ಒಂದೇ ಒಂದು ಕೊರತೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಹತ್ತು ವರ್ಷ ಗುಡ್ಡಗುಡ್ಡ ಅಲೆದರೂ ಅವನ ಮಾತು ನಂಬಿ ಇಲಾಖೆ ಒಂದು ಬೋರನ್ನೂ ಇಳಿಸಿರಲಿಲ್ಲ. ಜೊತೆಯವರಲ್ಲಿ ಒಬ್ಬ ಸುಣ್ಣದ ಕಲ್ಲು ತೋರಿಸಿದ್ದ, ಇನ್ನೊಬ್ಬ ಕಬ್ಬಿಣದ ಅದಿರು ತೋರಿಸಿದ್ದ. ಇವನು ಹೋದಲ್ಲೆಲ್ಲ 'ಇಲ್ಲಿ ಏನೂ ಇಲ್ಲ' ಎಂದು ಪ್ರಾಮಾಣಿಕವಾಗಿ ಬರೆದು ಬರುತ್ತಿದ್ದ. ಇಲ್ಲ ಎಂದು ಬರೆದವನಿಗೆ ಯಾರು ಹಾರ ಹಾಕುತ್ತಾರೆ? ಸಾವಿರ ಅಡಿ ಕೊರೆದು ಇಳಿಯಬಲ್ಲ ಯಂತ್ರ ಇಲಾಖೆಯಲ್ಲಿ ಇದ್ದದ್ದು ಒಂದೇ. ಈ ಸಲದ ಮಳೆಗಾಲಕ್ಕೆ ಮುಂಚೆ ಅದು ಎಲ್ಲಿಗೆ ಹೋಗಬೇಕೆಂದು ತೀರ್ಮಾನವಾಗಬೇಕಿತ್ತು. ಉತ್ತರದ ಜಿಲ್ಲೆಯೊಂದರಿಂದ ಆಗಲೇ ಒಂದು ಬೇಡಿಕೆ ಬಂದಿತ್ತು. ಅದು ತನ್ನ ಕಡೆ ತಿರುಗಲಿ, ಒಂದೇ ಒಂದು ಬೋರು ತನ್ನ ಮಾತಿನ ಮೇಲೆ ಇಳಿಯಲಿ ಎಂಬುದು ಚಿನ್ನಸ್ವಾಮಿಯ ಆಸೆ. ಮನುಷ್ಯನಿಗೆ ಇಷ್ಟು ಆಸೆಯೂ ಬೇಡವೆಂದರೆ ಹೇಗೆ?

ಕೆಂಪುದಿಣ್ಣೆ ಅವನನ್ನು ಮೊದಲ ವಾರದಲ್ಲೇ ಮಾತಾಡಿಸಿತು. ದಿಣ್ಣೆಯ ನೆತ್ತಿಯ ಉದ್ದಕ್ಕೂ ಊರಿನವರು ಕಿಟ್ಟದ ಕಲ್ಲು ಎನ್ನುವ ತುಕ್ಕು ಬಣ್ಣದ ಬಂಡೆ ಹಾಸಿತ್ತು. ಚಿಕ್ಕಂದಿನಲ್ಲಿ ಅದನ್ನು ಉಜ್ಜಿ ಹಣೆಗೆ ನಾಮ ಹಾಕಿಕೊಂಡವನೇ ಈಗ ಸುತ್ತಿಗೆಯಿಂದ ಒಡೆದು ಭೂತಗನ್ನಡಿಯಲ್ಲಿ ನೋಡಿದ. ಕೆಳಗೆ ಅದಿರಿದ್ದರೆ ಅದರ ಮೇಲ್ತುದಿ ಗಾಳಿ ಮಳೆಗೆ ಸಿಕ್ಕಿ ಹೀಗೆ ತುಕ್ಕಾಗುತ್ತದೆ. ಪಕ್ಕದ ಬೆಣಚು ಕಲ್ಲಿನಲ್ಲಿ ಚೌಕ ಚೌಕ ತೂತುಗಳಿದ್ದವು. ಒಂದು ಕಾಲಕ್ಕೆ ಅಲ್ಲಿ ಕೂತಿದ್ದ ಸೀಸದ ಅದಿರಿನ ಹರಳುಗಳು ಪುಡಿಯಾಗಿ ಉದುರಿ ಹೋಗಿ, ಕೂತ ಜಾಗ ಮಾತ್ರ ಹಾಗೇ ಉಳಿದಿರಬಹುದು. ತೂತಿನ ಅಂಚಿಗೆ ಕಾಡಿಗೆಯಂಥ ಕಪ್ಪು. ಮೂರೂ ಒಂದೇ ಗೆರೆಯಲ್ಲಿ ದಿಣ್ಣೆಯ ಈ ತುದಿಯಿಂದ ಆ ತುದಿಗೆ ಸಾಗಿದ್ದವು. ಚಿನ್ನಸ್ವಾಮಿ ಆ ಗೆರೆಯನ್ನು ಎರಡೆರಡು ಸಲ ನಡೆದು ನೋಡಿದ.

"ಮೇಲೆ ಇಲ್ಲ ಅಂದ್ಮೇಲೆ ಕೆಳಗೆ ಎಲ್ಲಿಂದ ಬತ್ತದಪ್ಪಾ ಬೆಳ್ಳಿ?" ಎಂದು ಸೊಣ್ಣಮ್ಮ ಒಲೆಯ ಮುಂದೆ ಕೂತು ಕೇಳಿದಳು.

"ಉಪ್ಪಿನಕಾಯಿ ಜಾಡಿ ನೋಡಿದೀಯಲ್ಲಮ್ಮ. ಮೇಲಿನ ಹೋಳು ಸಪ್ಪಗಿರ್ತದೆ. ಉಪ್ಪು ಖಾರ ಎಲ್ಲಾ ನೀರಾಗಿ ತಳಕ್ಕೆ ಇಳಿದಿರ್ತದೆ. ಮಳೆ ನೀರು ಹಂಗೇ ಬೆಳ್ಳೀನ ಕರಗಿಸಿ ಇಳಿಸ್ತದೆ. ಎಲ್ಲಿ ಜಲ ಸಿಗ್ತದೋ ಅಲ್ಲಿ, ಆಳದಲ್ಲಿ, ಹೋಗಿ ಕೂರ್ತದೆ."

"ಹಂಗಾದ್ರೆ ಸೌಟು ಉದ್ದ ಬೇಕು ಅನ್ನು."

"ಅದೇ ಅಮ್ಮ, ಆ ಉದ್ದನೆ ಸೌಟಿಗೇ ನಾನು ಒದ್ದಾಡ್ತಿರೋದು," ಎಂದು ಚಿನ್ನಸ್ವಾಮಿ ನಕ್ಕ.

ಸೌಟು ಬೇಕೆಂದರೆ ಇಷ್ಟು ಗುರುತು ಸಾಲದು. ಮಣ್ಣಿನಲ್ಲಿ ಲೋಹದ ವಾಸನೆಯಾದರೂ ಇದೆ ಎಂದು ಪ್ರಯೋಗಶಾಲೆ ಹೇಳಬೇಕು. ದಿಣ್ಣೆಯ ಮೇಲ್ಮಣ್ಣೋ ನೂರಾರು ಮಳೆ ತೊಳೆದ ಮಣ್ಣು. ಆಳದ ಮಣ್ಣು ತರಲು ಬಾವಿ ತೋಡಿಸುವಷ್ಟು ಅಧಿಕಾರ ಅವನಿಗಿರಲಿಲ್ಲ. ಆದರೆ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡುವವರು ದಿಣ್ಣೆಯ ಮೇಲೆ ಬೇಕಾದಷ್ಟಿದ್ದರು. ಗೆದ್ದಲುಗಳು. ತಂಪು ಹುಡುಕಿ ಎಷ್ಟೋ ಆಳಕ್ಕೆ ಇಳಿದು, ಅಲ್ಲಿನ ಮಣ್ಣನ್ನು ಬಾಯಲ್ಲಿ ಕಚ್ಚಿ ತಂದು ಮೇಲೆ ಹುತ್ತ ಕಟ್ಟುತ್ತವೆ. ಹುತ್ತದ ಮಣ್ಣು ಪರೀಕ್ಷಿಸಿದರೆ ಆಳದ ಮಣ್ಣು ಪರೀಕ್ಷಿಸಿದಂತೆ ಎಂದು ಚಿನ್ನಸ್ವಾಮಿ ಓದಿದ್ದ. ಗೆರೆಯ ಮೇಲಿದ್ದ ಹುತ್ತಗಳನ್ನೆಲ್ಲ ಗುರುತು ಮಾಡಿ, ಇಲಾಖೆಯ ಆಳು ಬೈರಪ್ಪನನ್ನು ಕರೆದುಕೊಂಡು ಹೊರಟ. ಬೈರಪ್ಪ ಹಾರೆಯಲ್ಲಿ ಹುತ್ತವನ್ನು ನಡುಮಟ್ಟಕ್ಕೆ ಸೀಳಿ, ಒಳಗಿನ ತಿರುಳು ಮಣ್ಣನ್ನು ಅಗೆದು ಕೊಡುವನು. ಇವನು ಚೀಲಕ್ಕೆ ತುಂಬಿ ಗುರುತು ಹಾಕುವನು. ಕೆಲಸ ಸರಾಗವಾಗಿ ನಡೆಯಿತು.

ಕೊನೆಯ ಹುತ್ತ ದಿಣ್ಣೆಯ ಮೂಡಣ ತುದಿಯಲ್ಲಿ, ಹೊಂಗೆ ಮರದ ಬುಡದಲ್ಲಿ ಆಳೆತ್ತರಕ್ಕೆ ಬೆಳೆದಿತ್ತು. ಮೈಗೆಲ್ಲ ಅರಿಶಿನ ಕುಂಕುಮ, ಬಾಯಿಯ ಸುತ್ತ ಒಣಗಿದ ಹಾಲಿನ ಕಲೆ. ಊರು ಅದನ್ನು ನಾಗಪ್ಪನ ಹುತ್ತ ಎಂದು ಕೈಮುಗಿಯುತ್ತಿತ್ತು. ಬೈರಪ್ಪ ಹಾರೆಯನ್ನು ದೂರದಲ್ಲೇ ಊರಿ ನಿಂತ.

"ಸಾರ್, ಇದಕ್ಕೆ ಮಾತ್ರ ನನ್ ಕೈಲಾಗಾಕಿಲ್ಲ. ಬೇಕಾದ್ರೆ ಕೆಲಸದಿಂದ ತೆಗೀರಿ."

"ಯಾರೋ ನಿನಗೆ ಹಾರೆ ಹಾಕು ಅಂದೋರು? ನಾನೇನು ಬೇರೆ ದೇಶದೋನಾ?" ಎಂದು ಚಿನ್ನಸ್ವಾಮಿ ಗದರಿಸಿದ.

ಬೇರೆ ದೇಶದವನಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಚಪ್ಪಲಿ ಬಿಟ್ಟು, ಹತ್ತಿರ ಹೋಗಿ ಕೈಮುಗಿದು, ತಾಯಂದಿರು ಮಕ್ಕಳ ಹಣೆಗೆ ಇಡಲು ಹುತ್ತದ ಮಣ್ಣು ತೆಗೆಯುತ್ತಾರಲ್ಲ, ಹಾಗೆ ಹುತ್ತದ ಬಾಯಿಂದ ಭಕ್ತಿಯಿಂದ ಎರಡು ಬೊಗಸೆ ಎತ್ತಿ ಚೀಲಕ್ಕೆ ಹಾಕಿಕೊಂಡ. ಮೊದಲು ಒಂದು ಚಿಟಿಕೆ ತನ್ನ ಹಣೆಗೂ ಇಟ್ಟುಕೊಂಡ. ಉಳಿದ ಹುತ್ತಗಳಲ್ಲಿ ಒಳಗಿನ ತಿರುಳು, ಇಲ್ಲಿ ಮಾತ್ರ ಬಾಯಿಯ ಮಣ್ಣು. ಈ ವ್ಯತ್ಯಾಸ ಅವನಂಥವನಿಗೂ ಹೊಳೆಯಲಿಲ್ಲ. ಚಪ್ಪಲಿಯ ಜೊತೆ ಓದಿದ ಬುದ್ಧಿಯನ್ನೂ ಅಲ್ಲೇ ಕಳಚಿಟ್ಟಿದ್ದ ಎಂದು ಕಾಣುತ್ತದೆ.

ಯುಗಾದಿ ಕಳೆದು ಫಲಿತಾಂಶ ಬಂತು. ಬೆಂಗಳೂರಿನ ಪ್ರಯೋಗಶಾಲೆಯ ಮುನಿರಾಮಯ್ಯ ಮಣ್ಣನ್ನು ಪುಡಿ ಮಾಡಿ, ಮೂಸೆಯಲ್ಲಿ ಕಾಯಿಸಿ ಬೆಳ್ಳಿ ತೂಗುವುದರಲ್ಲಿ ಪಳಗಿದವರು. ಮೊದಲು ಬರೀ ಬೆಳ್ಳಿಯ ಪರೀಕ್ಷೆ ಮಾಡಿದ್ದರು. ಸೀಳಿದ ಹುತ್ತಗಳಲ್ಲೆಲ್ಲ ಇತ್ತೋ ಇಲ್ಲವೋ ಎನ್ನುವಷ್ಟು. ಹೊಂಗೆ ಮರದ ಹುತ್ತದಲ್ಲಿ ಮಾತ್ರ, ಅವರು ಎರಡನೆಯ ಸಲ ತೂಗಿ ನೋಡುವಷ್ಟು.

"ಏನಯ್ಯಾ ಇದು, ಬೆಳ್ಳಿ ಗುಡ್ಡವನ್ನೇ ತಂದಿದೀಯಾ?" ಎಂದು ಮುನಿರಾಮಯ್ಯ ಕನ್ನಡಕ ಮೇಲೆತ್ತಿದರು.

ಚಿನ್ನಸ್ವಾಮಿಗೆ ಕಣ್ಣು ತುಂಬಿ ಬಂತು. ನೇರ ಮೇಲಧಿಕಾರಿ ಗೋಪಾಲಪ್ಪನವರ ಕೋಣೆಗೆ ಓಡಿದ. ಗೋಪಾಲಪ್ಪನವರು ಮಾತು ಕಡಿಮೆಯ ಮನುಷ್ಯ. ಮೆಚ್ಚಿದರೂ ಸಿಟ್ಟಾದರೂ ಮುಖ ಒಂದೇ. ಅವರು ತುಕ್ಕು ಬಂಡೆಯ ತುಣುಕು ನೋಡಿದರು, ಚೌಕ ತೂತುಗಳನ್ನು ಬೆರಳಿನಿಂದ ಸವರಿದರು, ಬೆಳ್ಳಿಯ ಅಂಕಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಸೋಮವಾರ ನಾನೇ ಬಂದು ಜಾಗ ನೋಡ್ತೀನಿ. ಯಂತ್ರ ನಿಮಗೇ ಅಂದ್ಕೊಳ್ಳಿ," ಎಂದರು.

ಅಷ್ಟು ಸಾಕಾಯಿತು. ಚಿನ್ನಸ್ವಾಮಿ ಒಂದು ಸೇರು ಮೈಸೂರು ಪಾಕು ಕಟ್ಟಿಸಿಕೊಂಡು ಊರಿಗೆ ಬಂದ. ಸುದ್ದಿ ಅವನಿಗಿಂತ ಮುಂಚೆ ಊರು ಸೇರಿತ್ತು. ದೊಡ್ಡಬೀರಪ್ಪ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಈ ವರ್ಷ ದಿಣ್ಣೆಗೆ ನೇಗಿಲು ಹೂಡುವುದಿಲ್ಲ, ಗಣಿ ಬಂದ ಮೇಲೆ ಹುರುಳಿ ಯಾರು ತಿನ್ನುತ್ತಾರೆ ಎಂದು ಸಾರಿಬಿಟ್ಟ. ಸೊಣ್ಣಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿ, ಮಗನ ಮುಖವನ್ನು ನೋಡಿ ನೋಡಿ ಖುಷಿಪಟ್ಟಳು. ಇಷ್ಟು ನಗುವ ಮಗನನ್ನು ಅವಳು ನೋಡಿ ವರ್ಷಗಳೇ ಆಗಿದ್ದವು.

ಗೋಪಾಲಪ್ಪನವರು ಬರುವ ಹೊತ್ತಿಗೆ ಎಲ್ಲ ಅಚ್ಚುಕಟ್ಟಾಗಿರಬೇಕೆಂದು ಚಿನ್ನಸ್ವಾಮಿ ಅದೇ ಮಣ್ಣಿನಲ್ಲಿ ಸೀಸ, ಸತುವಿನ ಪರೀಕ್ಷೆಯನ್ನೂ ಮಾಡಿಕೊಡಿ ಎಂದು ಹೇಳಿ ಬಂದಿದ್ದ. ಶನಿವಾರ ಬೆಳಗಿನ ಬಸ್ಸಿಗೆ ಹೋಗಿ ಮುನಿರಾಮಯ್ಯನವರ ಮುಂದೆ ನಿಂತ.

"ಹೊಂಗೆ ಮರದ್ದರಲ್ಲಿ ಸೀಸ ಇಲ್ಲ ಕಣಯ್ಯ," ಎಂದರು ಅವರು. "ಸತುವೂ ಇಲ್ಲ. ಒಂದಿಷ್ಟು ತಾಮ್ರ ಇದೆ, ಅಷ್ಟೇ."

"ಬೆಳ್ಳಿ?"

"ಬೆಳ್ಳಿ ಇದ್ದ ಹಾಗೇ ಇದೆ. ಅದೇ ನನಗೂ ಆಶ್ಚರ್ಯ."

ಚಿನ್ನಸ್ವಾಮಿ ಬಸ್ ಸ್ಟ್ಯಾಂಡಿಗೆ ಬಂದ. ಇಂಥ ನೆಲದಲ್ಲಿ ಬೆಳ್ಳಿ ಒಂಟಿಯಾಗಿ ಬರುವುದಿಲ್ಲ. ಹೊಸ ಮದುವಣಗಿತ್ತಿ ಗಂಡನ ಮನೆಗೆ ಬರುವಾಗ ಜೊತೆಗೆ ಇಬ್ಬರು ನೆಂಟರಾದರೂ ಬರುವಂತೆ, ಬೆಳ್ಳಿಯ ಜೊತೆ ಸೀಸ ಬರಬೇಕು, ಸತು ಬರಬೇಕು. ಬೆಣಚು ಕಲ್ಲಿನ ಚೌಕ ತೂತುಗಳು ಹೇಳಿದ್ದೂ ಸೀಸದ ಕತೆಯನ್ನೇ. ಮಳೆಗೆ ಬೇಗ ಕರಗದೆ ಮಣ್ಣಿನಲ್ಲಿ ಉಳಿಯುವುದೂ ಆ ಸೀಸವೇ. ಅದು ಇಲ್ಲದೆ ಬೆಳ್ಳಿಯೊಂದೇ ಇಷ್ಟೊಂದು ಹೇಗೆ ಬಂತು? ಬಸ್ಸು ಹೊಸಕೋಟೆಯ ಕೆರೆ ಏರಿ ದಾಟುವಾಗ ತಾಮ್ರದ ಮಾತು ಮತ್ತೆ ನೆನಪಾಯಿತು. ಬೆಳ್ಳಿಗೆ ಬರೀ ತಾಮ್ರವನ್ನು ಜೊತೆ ಮಾಡುವವನು ಯಾರು? ಅಕ್ಕಸಾಲಿ. ಮೆತ್ತಗಿನ ಬೆಳ್ಳಿ ಗಟ್ಟಿಯಾಗಲೆಂದು ಮೂಸೆಯಲ್ಲಿ ಚೂರು ತಾಮ್ರ ಬೆರೆಸುತ್ತಾನೆ. ಚಿನ್ನಸ್ವಾಮಿ ಕೂತಲ್ಲೇ ಹಣೆ ಚಚ್ಚಿಕೊಂಡ. ಹುತ್ತಕ್ಕೆ ಜನ ಬೆಳ್ಳಿಯ ನಾಗರ ಹಾಕುವುದು ಅವನಿಗೆ ಗೊತ್ತಿರಲಿಲ್ಲವೇ? ನಡೆಯಲು ಕಲಿತ ದಿನದಿಂದ ಗೊತ್ತಿತ್ತು.

ಮನೆಗೆ ಬಂದವನು ಕಾಲು ತೊಳೆಯುವುದನ್ನೂ ಮರೆತು ಪಡಸಾಲೆಯಲ್ಲಿ ಕೂತ. ಸೊಣ್ಣಮ್ಮ ಮೊರದಲ್ಲಿ ಅವರೆಬೇಳೆ ಹಸನು ಮಾಡುತ್ತಿದ್ದಳು.

"ಅಮ್ಮಾ, ನಾಗಪ್ಪನ ಹುತ್ತಕ್ಕೆ ಈಗ್ಲೂ ಬೆಳ್ಳಿ ಹಾಕ್ತಾರಾ?"

"ಯಾರು ಹಾಕ್ತಾರಪ್ಪಾ ಈಗ? ಎಲ್ರೂ ಹಾಲೆರೆದು ಕೈಮುಗಿದು ಬರ್ತಾರೆ. ನಾನೊಬ್ಬಳು ಹಾಕ್ತೀನಿ."

"ನೀನಾ?"

"ಊಂ. ವರ್ಷಾ ವರ್ಷಾ ಷಷ್ಠಿಗೆ ಘಾಟಿಗೆ ಹೋಗಲ್ವಾ? ಅಲ್ಲಿ ಎರಡು ನಾಗರ ತಗೋತೀನಿ. ಒಂದು ಅಲ್ಲೇ ಸುಬ್ರಾಯಪ್ಪನ ಹುಂಡಿಗೆ. ಇನ್ನೊಂದು ಇಲ್ಲಿಗೆ. ಅಲ್ಲಿ ಜನವೋ ಜನ, ನನ್ ಮಾತು ಆ ದೇವರಿಗೆ ಕೇಳಿಸ್ತೋ ಇಲ್ವೋ. ಅದಕ್ಕೆ ಇಲ್ಲೂ ಒಂದು ಹೇಳಿಟ್ಟಿರ್ತೀನಿ."

"ಯಾವಾಗಿಂದಮ್ಮ?"

"ನಿನಗೆ ಕೆಲಸ ಸಿಕ್ಕಿದಾಗಿಂದ. ನಿನ್ನ ಹೆಸರಲ್ಲೇ."

ಚಿನ್ನಸ್ವಾಮಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಘಾಟಿಯ ಅಂಗಡಿಗಳಲ್ಲಿ ಮಾರುವ ಆ ನಾಗರಗಳನ್ನು ಅವನು ಬಲ್ಲ. ಉಫ್ ಎಂದರೆ ಹಾರಿಹೋಗುವಷ್ಟು ತೆಳುವಾದ ರೇಕು. ಈ ಸಂಕ್ರಾಂತಿಯ ಆಸುಪಾಸಿನಲ್ಲಿ ಹಾಕಿದ್ದು ಹಾಲಿಗೆ ಮೆತ್ತಿಕೊಂಡು ಕಣ್ಣಿಗೆ ಕಾಣದಂತೆ ಬಾಯಿಯ ಮಣ್ಣಲ್ಲೇ ಇತ್ತು. ಹಳೆಯವು ಮಣ್ಣು ಕಚ್ಚಿ ಕರಿದಾಗಿ ಚೂರುಚೂರಾಗಿದ್ದವು. ಅವೆಲ್ಲ ಬೆರೆತ ಎರಡು ಬೊಗಸೆ ಮಣ್ಣನ್ನು ಅವನು ಭಕ್ತಿಯಿಂದ ಎತ್ತಿ ಸರ್ಕಾರಕ್ಕೆ ಕಳಿಸಿದ್ದ. ಮಗನಿಗೆ ಬೆಳ್ಳಿ ಸಿಗಲೆಂದು ತಾಯಿ ಹುತ್ತಕ್ಕೆ ಬೆಳ್ಳಿ ಹಾಕಿದ್ದಳು, ಅದೇ ಬೆಳ್ಳಿ ಮಗನಿಗೆ ಸಿಕ್ಕಿತ್ತು. ಇದಕ್ಕಿಂತ ಚೊಕ್ಕವಾಗಿ ಯಾವ ದೇವರು ತಾನೇ ಹರಕೆ ತೀರಿಸಿಯಾನು ಎಂದುಕೊಂಡ.

ಮೆಲ್ಲಗೆ ಎಲ್ಲವನ್ನೂ ಅವಳಿಗೆ ಹೇಳಿದ. ಮುದುಕಿಯ ಎದೆ ಒಡೆದೀತು ಎಂದು ಹೆದರಿ ಹೆದರಿ ಹೇಳಿದ. ಸೊಣ್ಣಮ್ಮ ಮೊರ ಕೆಳಗಿಟ್ಟಳು.

"ದೇವರಿಗೆ ಹಾಕಿದ್ದನ್ನ ಎತ್ಕೊಂಡೋಗಿ ಬೆಂಕೀಗೆ ಹಾಕಿ ಸುಟ್ರಾ?"

"ಗೊತ್ತಿಲ್ಲದೆ ಆಯ್ತಮ್ಮ."

"ಶಿವ ಶಿವಾ! ಕಾಲೇಜು ಓದ್ದೋನು ನೀನು!" ಎಂದು ಅವಳು ಕೆನ್ನೆ ಕೆನ್ನೆ ಬಡಿದುಕೊಂಡು, ನಾಳೆಯೇ ಹಾಲೆರೆದು ತಪ್ಪುಕಾಣಿಕೆ ಕಟ್ಟಬೇಕೆಂದು ಎದ್ದಳು. ಬೋರಿನ ಮಾತು ಅವಳಿಗೆ ಆಮೇಲೆ ನೆನಪಾಗಿದ್ದು. "ಹಂಗಾದ್ರೆ ಆ ಸೌಟು ಬರಾಕಿಲ್ವಾ?"

"ನಾನು ಬಾಯಿ ಮುಚ್ಚಿಕೊಂಡಿದ್ರೆ ಬರ್ತದೆ."

ಸೊಣ್ಣಮ್ಮ ಹಾಗೆ ಮಾಡು ಎನ್ನಲಿಲ್ಲ, ಹೀಗೆ ಮಾಡು ಎನ್ನಲಿಲ್ಲ. "ಕಾಲು ತೊಳ್ಕೊಂಡು ಬಾ, ಉಂಡು ಯೋಚನೆ ಮಾಡು," ಎಂದು ಒಳಗೆ ಹೋದಳು.

ಭಾನುವಾರವೆಲ್ಲ ಚಿನ್ನಸ್ವಾಮಿ ದಿಣ್ಣೆಯ ಮೇಲೆ ಅಲೆದ. ಬಾಯಿ ಮುಚ್ಚಿಕೊಳ್ಳಲು ಅವನಿಗೆ ಕಾರಣಗಳ ಬರವಿರಲಿಲ್ಲ. ತುಕ್ಕು ಬಂಡೆ ಸುಳ್ಳಲ್ಲ, ಚೌಕ ತೂತು ಸುಳ್ಳಲ್ಲ. ಬೋರು ಇಳಿದರೆ ನಿಜವಾಗಿ ಏನಾದರೂ ಸಿಕ್ಕೇ ಬಿಡಬಹುದು. ಸಿಗದಿದ್ದರೂ ನೆಲದ ಕೆಳಗಿನದನ್ನು ಯಾರು ಬಲ್ಲರು ಎಂದು ಕೈಚೆಲ್ಲಬಹುದು. ಹುತ್ತದ ಗುಟ್ಟು ಗೊತ್ತಿರುವುದು ಇಬ್ಬರಿಗೆ, ಅದರಲ್ಲೊಬ್ಬಳು ಹೆತ್ತ ತಾಯಿ. ಆದರೆ ಗೋಪಾಲಪ್ಪನವರ ಮನಸ್ಸು ತಿರುಗಿಸಿದ್ದು ಬಂಡೆಯಲ್ಲ, ತೂತಲ್ಲ, ಬೆಳ್ಳಿಯ ಅಂಕಿ. ಆ ಅಂಕಿಯ ಮೇಲೆ ಯಂತ್ರ ಬಂದರೆ, ಉತ್ತರದ ಜಿಲ್ಲೆಯಲ್ಲಿ ಯಾರದೋ ನಿಜವಾದ ಗುರುತು ಮಣ್ಣುಪಾಲಾಗುತ್ತದೆ. ಹತ್ತು ವರ್ಷ ಅವನು ನೆಲ ಹೇಳಿದ್ದನ್ನು ಹೇಳಿದಂತೆ ಬರೆದಿದ್ದ. ನೆಲ ಹೇಳದ್ದನ್ನು ಹೇಳಿತು ಎಂದು ಒಂದು ಸಲ ಬರೆದುಬಿಟ್ಟರೆ, ಆ ಹತ್ತು ವರ್ಷದ 'ಇಲ್ಲ'ಗಳಿಗೂ ಬೆಲೆ ಹೋಗುತ್ತದೆ. ಅವನ ಹತ್ತಿರ ಇದ್ದ ಆಸ್ತಿಯೇ ಅಷ್ಟು. ಹೊತ್ತು ಇಳಿಯುವಾಗ ಅವನಿಗೆ ತನ್ನ ತೀರ್ಮಾನ ತಿಳಿದುಹೋಗಿತ್ತು. ದುಃಖವೇನೋ ಆಯಿತು, ಮೈ ಮಾತ್ರ ಹಗುರಾಯಿತು.

ಸೋಮವಾರ ಜೀಪು ಬಂದಾಗ ಅರ್ಧ ಊರು ದಿಣ್ಣೆಯ ಮೇಲೆ ನೆರೆದಿತ್ತು. ದೊಡ್ಡಬೀರಪ್ಪ ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿ, ಗಣಿಯ ಯಜಮಾನನಂತೆ ಮುಂದೆ ನಿಂತಿದ್ದ. ಗೋಪಾಲಪ್ಪನವರು ಬಂಡೆ ನೋಡುತ್ತಾ ಬಂದು ಹೊಂಗೆ ಮರದ ಕೆಳಗೆ ನಿಂತರು.

"ಇದೇನಾ ಹುತ್ತ?"

"ಇದೇ ಸಾರ್. ಆದ್ರೆ ಆ ಬೆಳ್ಳಿ ನೆಲದ್ದಲ್ಲ," ಎಂದ ಚಿನ್ನಸ್ವಾಮಿ. "ಘಾಟಿಯಿಂದ ನಮ್ಮಮ್ಮ ತಂದು ಹಾಕಿದ್ದು." ಸೀಸವಿಲ್ಲದ್ದು, ತಾಮ್ರವಿದ್ದದ್ದು, ಹಾರೆ ಹಾಕದೆ ಬಾಯಿಯ ಮಣ್ಣು ಎತ್ತಿದ್ದು, ಒಂದನ್ನೂ ಬಿಡದೆ ಹೇಳಿದ.

ಊರಿನವರಲ್ಲಿ ಗುಜುಗುಜು ಎದ್ದಿತು. ಗೋಪಾಲಪ್ಪನವರ ಮುಖ ಇದ್ದ ಹಾಗೇ ಇತ್ತು.

"ಇಲ್ಲಿ ಬೆಳ್ಳಿ ಹಾಕ್ತಾರೆ ಅಂತ ನಿಮಗೆ ಗೊತ್ತಿರಲಿಲ್ವೇನ್ರೀ?"

"ಗೊತ್ತಿತ್ತು ಸಾರ್. ಮಣ್ಣು ಎತ್ತುವಾಗ ಕೈಮುಗೀತಾ ಇದ್ದೆ. ಅದು ಸ್ಯಾಂಪಲ್ಲು ಅನ್ನೋದೇ ಮರೆತೋಯ್ತು."

ಗೋಪಾಲಪ್ಪನವರು ಆ ಕಡೆ ತಿರುಗಿಕೊಂಡರು. ಸಿಟ್ಟು ನುಂಗುತ್ತಿದ್ದಾರೆಂದು ಚಿನ್ನಸ್ವಾಮಿ ತಲೆ ತಗ್ಗಿಸಿದ. ನೋಡಿದರೆ ಅವರ ಭುಜ ಕುಲುಕುತ್ತಿತ್ತು. ಆ ಮನುಷ್ಯ ನಗುವುದನ್ನು ಇಲಾಖೆಯಲ್ಲಿ ಯಾರೂ ಕಂಡಿರಲಿಲ್ಲ. ನಕ್ಕು ನಕ್ಕು, ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಹಳೆಯ ಮುಖ ಹಾಕಿಕೊಂಡರು.

"ಯಂತ್ರ ಇಲ್ಲಿಗೆ ಬರೋದಿಲ್ಲ," ಎಂದರು. "ಆ ಅಂಕಿ ತೆಗೆದು ಹಾಕಿದ್ರೆ, ಉಳಿದ ಗುರುತು ಒಳ್ಳೇವೇ, ಆದರೆ ಸಾವಿರ ಅಡಿಗೆ ಸಾಲೋದಿಲ್ಲ. ಒಂದೆರಡು ಕಂದಕ ತೋಡಿ ಸೀಸ ಹುಡುಕಿ, ಮುಂದೆ ನೋಡೋಣ."

ಗೊತ್ತಿದ್ದದ್ದೇ ಆದರೂ ಕಿವಿಯಿಂದ ಕೇಳಿದಾಗ ಚಿನ್ನಸ್ವಾಮಿಗೆ ನೋವಾಯಿತು. "ಆಗಲಿ ಸಾರ್," ಎಂದ.

"ಅದು ಮುಂದಿನ ಮಾತು. ಈಗ ಯಂತ್ರ ಉತ್ತರಕ್ಕೆ ಹೋಗ್ತದಲ್ಲ, ಅದರ ಜೊತೆ ನೀವು ಹೊರಡಿ. ಅಲ್ಲಿನ ಬೋರು ನಿಮ್ಮ ವಶಕ್ಕೆ."

"ನಾನಾ ಸಾರ್?"

"ಅಲ್ಲೂ ಬೆಳ್ಳಿ ಜಾಸ್ತಿ ಅಂತಲೇ ವರದಿ ಇದೆ. ಅದರ ನೆಂಟರು ಯಾರು, ಎಲ್ಲಿಂದ ಬಂದರು ಅಂತ ಕೇಳೋರು ಬೇಕು. ಎಲ್ಲಿ ಕೊರೀಬೇಕು, ಎಷ್ಟು ಆಳಕ್ಕೆ ನಿಲ್ಲಿಸಬೇಕು, ನೀವು ಹೇಳಿದ ಹಾಗೆ. ಒಂದು ತೆಳ್ಳನೆ ರೇಕು ಬಿದ್ದಿದ್ದನ್ನೂ ಹಿಡಿದು, ಅದು ನೆಲದ್ದಲ್ಲ ಅಂದ್ರಲ್ಲ, ನಿಮ್ಮ ಮಾತು ನಂಬಿ ಬೋರು ಇಳಿಸದೆ ಇನ್ಯಾರ ಮಾತು ನಂಬಿ ಇಳಿಸಲಿ ನಾನು?"

ಚಿನ್ನಸ್ವಾಮಿ ಹತ್ತು ವರ್ಷ ಕಾದಿದ್ದ ಮಾತು ಇಷ್ಟು ಸಲೀಸಾಗಿ, ಊರ ಮುಂದೆ, ಸೋತ ಜಾಗದಲ್ಲೇ ಬಂದು ಕಿವಿಗೆ ಬಿದ್ದಿತ್ತು. ಪಕ್ಕದಲ್ಲಿ ದೊಡ್ಡಬೀರಪ್ಪ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಹೋಗ್ಲಿ ಬಿಡ್ಲಾ, ಗಣಿ ತಕ್ಕೊಂಡು ಏನ್ ಮಾಡಾದು, ದೂಳು. ಮೋಡ ಆಗ್ತೈತೆ, ನಾನು ನೇಗಿಲು ನೋಡ್ಕೋತೀನಿ," ಎಂದು ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿ ದಿಣ್ಣೆ ಇಳಿದ.

ಗೋಪಾಲಪ್ಪನವರನ್ನು ಉಣ್ಣದೆ ಕಳಿಸಲು ಸೊಣ್ಣಮ್ಮ ಒಪ್ಪಲಿಲ್ಲ. ಪಡಸಾಲೆಯಲ್ಲಿ ಮಣೆ ಹಾಕಿ, ಬಿಸಿ ಮುದ್ದೆ, ಅವರೆಬೇಳೆ ಸಾರು ಬಡಿಸಿದಳು. ದೊಡ್ಡ ಅಧಿಕಾರಿ ಪ್ಯಾಂಟು ಮಡಿಸಿ ಕೂತು ಮುದ್ದೆ ನುಂಗುವುದನ್ನು ನೋಡಲು ಬಾಗಿಲಲ್ಲಿ ಹೆಂಗಸರು ಸೇರಿದ್ದರು. ಚಿನ್ನಸ್ವಾಮಿಗೆ ಒಂದೇ ಸಂಕಟ ಉಳಿದಿತ್ತು. ತನಗೇನೋ ದಾರಿಯಾಯಿತು. ಆದರೆ ತಾಯಿ ಅಷ್ಟು ವರ್ಷ ಹೊತ್ತ ಹರಕೆ ಹುಸಿಯಾಯಿತಲ್ಲ, ಅವಳ ದೇವರು ಅವಳನ್ನು ಆಟ ಆಡಿಸಿದ ಹಾಗಾಯಿತಲ್ಲ ಎಂದು ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಆ ಗಾಯವನ್ನೇ ಗೋಪಾಲಪ್ಪನವರು ಮುಟ್ಟಿದರು. "ಏನಮ್ಮಾ, ಮಗನಿಗೆ ಬೆಳ್ಳಿ ಸಿಗಲಿ ಅಂತ ಇಷ್ಟು ವರ್ಷ ಹರಕೆ ಹೊತ್ತಿರಿ. ನಾಗಪ್ಪ ಕೊಡಲಿಲ್ಲವಲ್ಲ?"

ಸೊಣ್ಣಮ್ಮ ಸಾರಿನ ಪಾತ್ರೆ ಹಿಡಿದು ನಿಂತು ಅವರನ್ನು ವಿಚಿತ್ರವಾಗಿ ನೋಡಿದಳು.

"ಬೆಳ್ಳಿ ಸಿಗಲಿ ಅಂತ ಯಾರು ಕೇಳ್ಕೊಂಡ್ರು ಸಾಮಿ? ಇವನ ಕೆಲಸ ನೋಡಿ, ಕಲ್ಲು ಸಂದಿ, ಪೊದೆ, ಹುತ್ತ. ಎಲ್ಲಿ ಹಾವಿರ್ತದೋ ಅಲ್ಲೇ ಕೈ ಹಾಕೋ ಕೆಲಸ. ಅದಕ್ಕೇ, 'ನಿನ್ನ ಮಕ್ಕಳು ನನ್ನ ಮಗನ್ನ ಮುಟ್ಟದಿರಲಿ ಕಣಪ್ಪಾ, ಹೋದ ಹಾಗೇ ಮನೆಗೆ ಬರಲಿ' ಅಂತ ಬೇಡ್ಕೊಂಡೆ. ವರ್ಷಾ ವರ್ಷಾ ಬಂದ. ವರ್ಷಾ ವರ್ಷಾ ಹಾಕ್ದೆ. ಇದರಲ್ಲಿ ಕೊಡಲಿಲ್ಲ ಅನ್ನೋದೇನು ಬಂತು?"

ಚಿನ್ನಸ್ವಾಮಿ ತಲೆಯೆತ್ತಿ ತಾಯಿಯನ್ನು ನೋಡಿದ. ಪ್ರತಿ ಸಲ ಕ್ಯಾಂಪು ಮುಗಿಸಿ, ಏನೂ ಸಿಗಲಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ಅವನು ಇದೇ ಬಾಗಿಲಿಗೆ ಬಂದಿದ್ದ. ಅವನು ಸೋತೆನೆಂದುಕೊಂಡ ಒಂದೊಂದು ವರ್ಷವೂ ಅವಳ ಪಾಲಿಗೆ ಹರಕೆ ತೀರಿದ ವರ್ಷವಾಗಿತ್ತು. ಅದನ್ನು ಅವಳು ಅವನಿಗೆ ಯಾವತ್ತೂ ಹೇಳಿರಲಿಲ್ಲ, ಅವನು ಯಾವತ್ತೂ ಕೇಳಿರಲಿಲ್ಲ. ಅವನಿಗೆ ಕಣ್ಣು ಮಂಜಾಯಿತು, ನಾಚಿಕೆಯಾಯಿತು, ಅದೆಲ್ಲಕ್ಕಿಂತ ಹೆಚ್ಚಾಗಿ ಬೆಳಗಿನಿಂದ ಇಲ್ಲದ ಹಸಿವು ಒಮ್ಮೆಲೇ ಬಂತು.

"ಬರೋ ಷಷ್ಠಿಗೆ ನಾಗರ ನಾನೇ ತರ್ತೀನಮ್ಮ," ಎಂದ, ತಟ್ಟೆ ಮುಂದಕ್ಕೆ ಸರಿಸಿ.

"ತಾ," ಎಂದು ಸೊಣ್ಣಮ್ಮ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. "ಹಾಕಿದ ಮೇಲೆ ಮಣ್ಣು ಮಾತ್ರ ಎತ್ಕೊಂಡು ಹೋಗ್ಬೇಡ."